ಫೈರ್‌ವಾಲ್ ಕ್ಲೌಡಿಗೆ ಹೋದ ಮೇಲೆ ಪ್ಯಾಕೆಟ್ ಯಾರ ಕಣ್ಣಿಗೆ ಬೀಳುತ್ತದೆ?

ಕಚೇರಿಯ ಸರ್ವರ್ ರೂಮಿನ ಫೈರ್‌ವಾಲ್ ಡಬ್ಬಿಗೆ ವಯಸ್ಸಾಗುತ್ತದೆ, ತಯಾರಕರು ಸಪೋರ್ಟ್ ನಿಲ್ಲಿಸುತ್ತಾರೆ, ಹೊಸದರ ಕೊಟೇಶನ್ ನೋಡಿ ಅಕೌಂಟ್ಸ್ ವಿಭಾಗ ಹುಬ್ಬೇರಿಸುತ್ತದೆ. ಆಗ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ಡಬ್ಬಿ ಯಾಕೆ, ಕ್ಲೌಡಿನಲ್ಲಿ ಬಾಡಿಗೆಗೆ ತಗೊಳ್ಳಿ. ಸಲಹೆಯೇನೂ ತಪ್ಪಲ್ಲ. 2012ರಲ್ಲಿ ಅಮೆರಿಕದ ಬರ್ಕ್‌ಲಿಯ ಸಂಶೋಧಕರು ಸಂಗಡಿಗರೊಂದಿಗೆ 57 ಸಂಸ್ಥೆಗಳ ನೆಟ್‌ವರ್ಕ್ ಸಮೀಕ್ಷೆ ಮಾಡಿದಾಗ, ಫೈರ್‌ವಾಲ್, ಲೋಡ್ ಬ್ಯಾಲೆನ್ಸರ್, ಪ್ರಾಕ್ಸಿ, ನುಸುಳುಕೋರರನ್ನು ಹಿಡಿಯುವ ಐಡಿಎಸ್ ಇಂಥವು ಹೆಚ್ಚುಕಡಿಮೆ ರೂಟರ್‌ಗಳಷ್ಟೇ ಸಂಖ್ಯೆಯಲ್ಲಿದ್ದವು. ದೊಡ್ಡ ಸಂಸ್ಥೆಯೊಂದರಲ್ಲಿ ಈ ಡಬ್ಬಿಗಳ ಶೇ 90ಕ್ಕಿಂತ ಹೆಚ್ಚನ್ನು ಕ್ಲೌಡಿಗೆ ಸಾಗಿಸಬಹುದು ಎಂದು ಅವರು ತೋರಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಟೆಲಿಕಾಂ ಕಂಪನಿಗಳು ಸೇರಿ ಇದೇ ದಿಕ್ಕಿನ ಶ್ವೇತಪತ್ರ ಹೊರತಂದವು. ಡಬ್ಬಿಯ ಕೆಲಸವನ್ನು ಸಾಮಾನ್ಯ ಸರ್ವರ್ ಮೇಲೆ ಸಾಫ್ಟ್‌ವೇರಾಗಿ ಓಡಿಸುವ ಈ ಕ್ರಮಕ್ಕೆ ಎನ್‌ಎಫ್‌ವಿ ಎಂಬ ಹೆಸರು ಚಾಲ್ತಿಗೆ ಬಂದದ್ದು ಆಗ.

ಹಣ ಉಳಿಯುವುದು ನಿಜ. ಆದರೆ ಫೈರ್‌ವಾಲ್ ಎಂದರೆ ಸಂಸ್ಥೆಯ ಪ್ರತಿ ಪ್ಯಾಕೆಟ್ಟೂ, ಅಂದರೆ ನೆಟ್‌ವರ್ಕಿನಲ್ಲಿ ಓಡಾಡುವ ಡೇಟಾದ ಪ್ರತಿ ತುಣುಕೂ, ಹಾಯಲೇಬೇಕಾದ ಬಾಗಿಲು. ಆ ಬಾಗಿಲನ್ನೇ ಬೇರೆಯವರ ಕಟ್ಟಡದಲ್ಲಿ ಇಟ್ಟ ಮೇಲೆ, ಕಾವಲುಗಾರನ ಜೊತೆ ಕಟ್ಟಡದ ಯಜಮಾನನೂ ನಿಂತು ನೋಡಬಹುದು. ಹಾಗೆ ನೋಡದಂತೆ ಮಾಡುವ ದಾರಿಗಳು ಯಾವುವು, ಯಾವುದಕ್ಕೆ ಎಷ್ಟು ಬೆಲೆ, ಎಲ್ಲಿ ಕೈಕೊಡುತ್ತವೆ ಎಂಬುದು ಈ ಲೇಖನದ ವಿಷಯ.

ಬೇಕಿರುವುದು 13 ಬೈಟ್, ಕೊಡುತ್ತಿರುವುದು 1,500

ಸಾಮಾನ್ಯ ಫೈರ್‌ವಾಲ್ ಒಂದು ಪ್ಯಾಕೆಟ್ಟನ್ನು ಬಿಡಬೇಕೋ ತಡೆಯಬೇಕೋ ಎಂದು ತೀರ್ಮಾನಿಸಲು ಐದು ಸಂಗತಿ ನೋಡುತ್ತದೆ. ಕಳಿಸಿದವರ ಐಪಿ ವಿಳಾಸ 4 ಬೈಟ್, ತಲುಪಬೇಕಾದ ವಿಳಾಸ 4 ಬೈಟ್, ಎರಡೂ ಕಡೆಯ ಪೋರ್ಟ್ ತಲಾ 2 ಬೈಟ್, ಪ್ರೊಟೊಕಾಲ್ 1 ಬೈಟ್. ಒಟ್ಟು 13. ತುಂಬಿದ ಪ್ಯಾಕೆಟ್ 1,500 ಬೈಟ್ ಇರುತ್ತದೆ. ಅಂದರೆ ಕೆಲಸಕ್ಕೆ ಬೇಕಿರುವುದು ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ, ಉಳಿದದ್ದೆಲ್ಲ ಸುಮ್ಮನೆ ತೆರೆದಿಟ್ಟದ್ದು.

ವಿಳಾಸ ಬದಲಿಸುವ ನ್ಯಾಟ್‌ಗೂ, ಸಾದಾ ಲೋಡ್ ಬ್ಯಾಲೆನ್ಸರ್‌ಗೂ ಅದೇ 13 ಬೈಟ್ ಸಾಕು. ವೆಬ್‌ಸೈಟ್ ಫಿಲ್ಟರ್‌ಗೆ ಸೈಟಿನ ಹೆಸರು ಬೇಕು. ಐಡಿಎಸ್‌ಗೆ ಪ್ಯಾಕೆಟ್ಟಿನ ಒಡಲು ಬೇಕು, ಆದರೂ ಎಲ್ಲವನ್ನೂ ಓದಿ ಅರ್ಥಮಾಡಿಕೊಳ್ಳಬೇಕಿಲ್ಲ, ತನ್ನ ಪಟ್ಟಿಯಲ್ಲಿರುವ ಕೆಲವು ಸಾವಿರ ಗುರುತುಗಳು ಇವೆಯೋ ಇಲ್ಲವೋ ಎಂದಷ್ಟೇ ತಿಳಿಯಬೇಕು. ನಿಜವಾಗಿ ಪೂರ್ತಿ ಒಡಲು ಬೇಕಾಗುವುದು ಡೇಟಾ ಕುಗ್ಗಿಸುವ ವ್ಯಾನ್ ಆಪ್ಟಿಮೈಜರ್‌ಗೆ ಮತ್ತು ಫೈಲ್ ಬಿಚ್ಚಿ ನೋಡುವ ವೈರಸ್ ಸ್ಕ್ಯಾನರ್‌ಗೆ. ಕ್ಲೌಡ್ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಯಾವ ಕೆಲಸಕ್ಕೆ ಎಷ್ಟು ಕಾಣಿಸಬೇಕು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು ಅರ್ಧ ದಿನದ ಕೆಲಸ. ಬಹಳಷ್ಟು ಕಡೆ ಅದನ್ನೇ ಯಾರೂ ಮಾಡಿರುವುದಿಲ್ಲ.

ಮರೆತುಹೋಗುವ ಇನ್ನೊಂದು ಗುಟ್ಟು: ರೂಲ್ ಪಟ್ಟಿ. ಯಾವ ಸರ್ವರ್ ಯಾವ ಪೋರ್ಟಿನಲ್ಲಿ ಇದೆ, ಯಾವ ಶಾಖೆಗೆ ಡೇಟಾಬೇಸ್ ಮುಟ್ಟುವ ಅನುಮತಿ ಇದೆ, ಯಾವ ಹಳೇ ಯಂತ್ರಕ್ಕೆ ವಿನಾಯಿತಿ ಕೊಟ್ಟು ಮರೆತಿದ್ದೇವೆ, ಎಲ್ಲವೂ ಅದರಲ್ಲಿದೆ. ಕಳ್ಳನಿಗೆ ಪ್ಯಾಕೆಟ್ಟುಗಳಿಗಿಂತ ಈ ಪಟ್ಟಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಯಾರಿಂದ ಕಾಪಾಡಬೇಕು ಎಂಬುದೂ ಮೊದಲೇ ಸ್ಪಷ್ಟವಾಗಲಿ. ಕ್ಲೌಡ್ ಕಂಪನಿ ಪ್ಯಾಕೆಟ್ ಬೀಳಿಸಿ ಮೋಸ ಮಾಡುತ್ತದೆ ಎಂಬ ಭಯ ಸಾಮಾನ್ಯವಾಗಿ ಯಾರಿಗೂ ಇರುವುದಿಲ್ಲ. ಇರುವುದು ಬೇರೆ ಭಯ: ಒಳಗಿನ ಅಡ್ಮಿನ್ ಒಬ್ಬ ಇಣುಕುವುದು, ಒಂದು ಯಂತ್ರವನ್ನು ಹಲವು ಬಾಡಿಗೆದಾರರಿಗೆ ಹಂಚುವ ಹೈಪರ್‌ವೈಸರ್ ಹ್ಯಾಕ್ ಆಗುವುದು, ಅದೇ ಯಂತ್ರದ ಮೇಲೆ ಓಡುವ ಇನ್ನೊಬ್ಬ ಬಾಡಿಗೆದಾರ ಕದ್ದು ಕೇಳುವುದು, ಬೇರೆ ದೇಶದ ಕಾನೂನಿನಡಿ ಡೇಟಾ ಕೇಳಿ ನೋಟಿಸ್ ಬರುವುದು. ಸಂಶೋಧಕರು ಇಂಥ ಎದುರಾಳಿಯನ್ನು ಪ್ರಾಮಾಣಿಕ ಆದರೆ ಕುತೂಹಲಿ ಎನ್ನುತ್ತಾರೆ. ಹೇಳಿದ ಕೆಲಸ ಸರಿಯಾಗಿ ಮಾಡುತ್ತಾನೆ, ಕಣ್ಣು ಮಾತ್ರ ಸುಮ್ಮನಿರುವುದಿಲ್ಲ.

ಇವತ್ತು ಎಲ್ಲರೂ ಮಾಡುತ್ತಿರುವುದು

ವೆಬ್ ಸಂಚಾರದ ಬಹುಪಾಲು ಈಗ ಟಿಎಲ್‌ಎಸ್ ಎಂಬ ಎನ್‌ಕ್ರಿಪ್ಶನ್ ಹೊದಿಕೆಯ ಒಳಗೆ ಇದೆ. ಕ್ಲೌಡ್ ಫೈರ್‌ವಾಲ್ ಅದರ ಒಡಲು ನೋಡಬೇಕೆಂದರೆ ನಡುವೆ ನಿಂತು ಬಿಚ್ಚಬೇಕು. ಪ್ರತಿ ಲ್ಯಾಪ್‌ಟಾಪಿನಲ್ಲೂ ಸಂಸ್ಥೆಯ ರೂಟ್ ಸರ್ಟಿಫಿಕೇಟ್ ಹಾಕಿ, ಕ್ಲೌಡ್ ಪ್ರಾಕ್ಸಿ ಬ್ಯಾಂಕಿನ ಸೈಟಿಗೂ ಮೇಲ್ ಸೈಟಿಗೂ ತಾನೇ ನಕಲಿ ಸರ್ಟಿಫಿಕೇಟ್ ಹುಟ್ಟಿಸಿ, ಬಿಚ್ಚಿ ನೋಡಿ, ಮತ್ತೆ ಮುಚ್ಚಿ ಕಳಿಸುತ್ತದೆ.

ಇದರಲ್ಲಿ ಮೂರು ಕಡೆ ಪೆಟ್ಟು ಬೀಳುತ್ತದೆ. ಆ ಸರ್ಟಿಫಿಕೇಟಿನ ಖಾಸಗಿ ಕೀ ಕ್ಲೌಡಿನಲ್ಲಿ ಇದ್ದರೆ, ಅದನ್ನು ಕದ್ದವನು ನಿಮ್ಮ ಎಲ್ಲ ಲ್ಯಾಪ್‌ಟಾಪ್‌ಗಳ ಮುಂದೆ ಯಾವ ಸೈಟಿನ ವೇಷವನ್ನಾದರೂ ಹಾಕಬಹುದು. ಎರಡನೆಯದು, ನಡುವೆ ನಿಂತವನು ಆಚೆಬದಿಯ ಸರ್ಟಿಫಿಕೇಟ್ ಸರಿಯಾಗಿ ಪರೀಕ್ಷಿಸದಿದ್ದರೆ ಬ್ರೌಸರಿಗೆ ಅದು ತಿಳಿಯುವುದೇ ಇಲ್ಲ. 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ಹೀಗೆ ನಡುವೆ ಬಿಚ್ಚುವ ಉಪಕರಣಗಳಲ್ಲಿ ಬಹಳಷ್ಟು ಸಂಪರ್ಕದ ಭದ್ರತೆಯನ್ನು ಕುಗ್ಗಿಸುತ್ತಿದ್ದವು ಎಂದು ಕಂಡುಕೊಂಡಿತು. ಮೂರನೆಯದು ದಿನನಿತ್ಯದ ತಲೆನೋವು: ಸರ್ಟಿಫಿಕೇಟ್ ಪಿನ್ ಮಾಡಿರುವ, ಅಂದರೆ ತಮಗೆ ಗೊತ್ತಿರುವ ಸರ್ಟಿಫಿಕೇಟ್ ಬಿಟ್ಟು ಬೇರೆಯದನ್ನು ಒಪ್ಪದ ಆ್ಯಪ್‌ಗಳು ಸುಮ್ಮನೆ ನಿಂತುಬಿಡುತ್ತವೆ. ವಿನಾಯಿತಿ ಪಟ್ಟಿ ಬೆಳೆಯುತ್ತಾ ಹೋಗಿ, ಕೊನೆಗೆ ಯಾವುದನ್ನು ಬಿಚ್ಚುತ್ತಿದ್ದೇವೆ ಎಂದು ಯಾರಿಗೂ ಗೊತ್ತಿರುವುದಿಲ್ಲ.

ಬಿಚ್ಚಲೇಬೇಕೆಂದಿದ್ದರೆ ಬ್ಯಾಂಕಿಂಗ್ ಮತ್ತು ಆರೋಗ್ಯ ಸೈಟುಗಳನ್ನು ಮೊದಲ ದಿನದಿಂದಲೇ ಹೊರಗಿಡಿ. ಖಾಸಗಿ ಕೀಯನ್ನು ನಿಮ್ಮ ಹಿಡಿತದ ಹಾರ್ಡ್‌ವೇರ್ ಕೀ ಪೆಟ್ಟಿಗೆಯಲ್ಲಿ ಇಟ್ಟು, ಕ್ಲೌಡಿಗೆ ಕಡಿಮೆ ಅವಧಿಯ ಮಧ್ಯಂತರ ಸರ್ಟಿಫಿಕೇಟ್ ಮಾತ್ರ ಕೊಡಿ.

ವಿಳಾಸ ಬಚ್ಚಿಟ್ಟು ಫೈರ್‌ವಾಲ್ ಓಡಿಸುವುದು ಹೇಗೆ

ಕ್ಲೌಡಿಗೆ ವಿಳಾಸವನ್ನೇ ತೋರಿಸದೆ ಫೈರ್‌ವಾಲ್ ಕೆಲಸ ಮಾಡಿಸಬಹುದೇ? ಆಗುತ್ತದೆ, ಮತ್ತು ವಿಧಾನ ಸೊಗಸಾಗಿದೆ. 2016ರ ಎಂಬಾರ್ಕ್ ಎಂಬ ಸಂಶೋಧನಾ ವ್ಯವಸ್ಥೆ ಇದನ್ನು ಮಾಡಿ ತೋರಿಸಿತು. ಚಿಕ್ಕ ಉದಾಹರಣೆಯಲ್ಲಿ ನೋಡೋಣ.

ನಿಮ್ಮ ಬಳಿ ಎರಡು ರೂಲ್ ಇವೆ ಎಂದುಕೊಳ್ಳಿ. ಒಂದು, 10.1.5.0/24 ಇಂದ (10.1.5 ಎಂದು ಶುರುವಾಗುವ ಎಲ್ಲ ವಿಳಾಸಗಳಿಂದ) ಬಂದದ್ದನ್ನು ತಡೆ. ಎರಡು, 10.1.0.0/16 ಇಂದ (10.1 ಎಂದು ಶುರುವಾಗುವ ಎಲ್ಲ ವಿಳಾಸಗಳಿಂದ) ಬಂದ ಉಳಿದದ್ದನ್ನು ಬಿಡು. ಇಡೀ ಐಪಿ ವಿಳಾಸಗಳನ್ನು ಒಂದು ಉದ್ದ ಗೆರೆ ಎಂದು ಭಾವಿಸಿ, ರೂಲ್‌ಗಳು ಶುರುವಾಗುವ ಮುಗಿಯುವ ಜಾಗದಲ್ಲೆಲ್ಲ ಕತ್ತರಿ ಹಾಕಿ. ಐದು ತುಂಡು ಬರುತ್ತವೆ: ಸೊನ್ನೆಯಿಂದ 10.0.255.255, 10.1.0.0 ಇಂದ 10.1.4.255, 10.1.5.0 ಇಂದ 10.1.5.255, 10.1.6.0 ಇಂದ 10.1.255.255, 10.2.0.0 ಇಂದ ಕೊನೆಯವರೆಗೆ.

ಈಗ ಪ್ರತಿ ತುಂಡಿಗೂ ಮನಸ್ಸಿಗೆ ಬಂದ, ಒಂದಕ್ಕೊಂದು ಸಂಬಂಧವಿಲ್ಲದ ಮುನ್ನಂಕಿ ಕೊಡಿ. ಮೊದಲನೆಯದಕ್ಕೆ 71, ಎರಡನೆಯದಕ್ಕೆ 08, ಮೂರನೆಯದಕ್ಕೆ 93, ನಾಲ್ಕನೆಯದಕ್ಕೆ 25, ಐದನೆಯದಕ್ಕೆ 44. ಕ್ಲೌಡಿಗೆ ಹೋಗುವ ರೂಲ್ ಪಟ್ಟಿ ಇಷ್ಟೇ: 93ರಿಂದ ಶುರುವಾದರೆ ತಡೆ, 08 ಅಥವಾ 25ರಿಂದ ಶುರುವಾದರೆ ಬಿಡು. ಕಚೇರಿಯಲ್ಲೇ ಇರುವ ಒಂದು ಸಣ್ಣ ಗೇಟ್‌ವೇ, ಹೊರಡುವ ಪ್ರತಿ ಪ್ಯಾಕೆಟ್ಟಿನ ವಿಳಾಸವನ್ನು ಅದರ ತುಂಡಿನ ಮುನ್ನಂಕಿ ಮತ್ತು ಕೀ ಬಳಸಿ ಹುಟ್ಟಿಸಿದ ಗಜಿಬಿಜಿ ಬಾಲದಿಂದ ಬದಲಿಸುತ್ತದೆ. ನಿಜವಾದ ವಿಳಾಸ ಎನ್‌ಕ್ರಿಪ್ಟ್ ಆಗಿ ಪ್ಯಾಕೆಟ್ಟಿನ ಒಳಗೇ ಪ್ರಯಾಣಿಸುತ್ತದೆ. ಹೊಸ ವಿಳಾಸಕ್ಕೆ ಜಾಗ ಹೆಚ್ಚು ಬೇಕಾದ್ದರಿಂದ ಎಂಬಾರ್ಕ್ ಅದನ್ನು 128 ಬಿಟ್‌ನ ಐಪಿವಿ6 ವಿಳಾಸವಾಗಿ ಬರೆಯುತ್ತದೆ.

ಕ್ಲೌಡಿನ ಫೈರ್‌ವಾಲ್‌ಗೆ ಇದೊಂದು ಎಂದಿನ ಮುನ್ನಂಕಿ ಹೋಲಿಕೆಯಷ್ಟೇ. ಹೊಸ ಗಣಿತ ಕಲಿಯಬೇಕಿಲ್ಲ, ವೇಗವೂ ಕುಂದುವುದಿಲ್ಲ. ಒಂದೇ ಸಂಪರ್ಕಕ್ಕೆ ಸೇರಿದ ಪ್ಯಾಕೆಟ್ಟುಗಳಿಗೆ ಯಾವಾಗಲೂ ಒಂದೇ ಬಾಲ ಬರುವುದರಿಂದ ನ್ಯಾಟ್, ಲೋಡ್ ಬ್ಯಾಲೆನ್ಸರ್ ಕೂಡ ನಡೆಯುತ್ತವೆ.

ತೊಂದರೆಗಳೂ ಇವೆ. ನಾಳೆ 10.1.6.0/24ಕ್ಕೆ ಹೊಸ ರೂಲ್ ಸೇರಿಸಿದರೆ ನಾಲ್ಕನೆಯ ತುಂಡು ಒಡೆಯುತ್ತದೆ, ಆ ವಿಳಾಸಗಳ ಮುನ್ನಂಕಿ ಬದಲಾಗುತ್ತದೆ, ತೆರೆದಿದ್ದ ಸಂಪರ್ಕಗಳು ಕ್ಲೌಡಿನ ಕಣ್ಣಿಗೆ ಅಪರಿಚಿತವಾಗಿ ಕಡಿದುಬೀಳುತ್ತವೆ. ಹಳೆಯ ನಕ್ಷೆಯಲ್ಲಿ ಹುಟ್ಟಿದ ಸಂಪರ್ಕ ಹಳೆಯದರಲ್ಲೇ ಮುಗಿಯುವಂತೆ ಗೇಟ್‌ವೇ ಎರಡೂ ನಕ್ಷೆಗಳನ್ನು ಕೆಲಹೊತ್ತು ಜೊತೆಗೆ ಇಟ್ಟುಕೊಳ್ಳಬೇಕು. ಎರಡನೆಯದು, ಯಾವ ಪ್ಯಾಕೆಟ್ ಯಾವ ತುಂಡಿಗೆ ಸೇರಿತು ಎಂಬುದು ಕ್ಲೌಡಿಗೆ ಕಾಣುತ್ತಲೇ ಇರುತ್ತದೆ. 93ರಿಂದ ಶುರುವಾದವು ದಿನಾ ಬೀಳುತ್ತಿವೆ ಎಂಬುದೂ ಒಂದು ಮಾಹಿತಿಯೇ. ಮೂರನೆಯದು ಲಿಂಕಿನ ಖರ್ಚು: ಗುಟ್ಟು ವಿಳಾಸ ಹೊತ್ತ ಪ್ಯಾಕೆಟ್ ನೇರವಾಗಿ ಇಂಟರ್ನೆಟ್ಟಿಗೆ ಹೋಗಲಾರದು, ಬಿಚ್ಚಿಸಿಕೊಳ್ಳಲು ಗೇಟ್‌ವೇಗೆ ವಾಪಸ್ ಬರಬೇಕು. ಕಚೇರಿಯಿಂದ 100 ಎಂಬಿಪಿಎಸ್ ಹೊರಡುತ್ತಿದ್ದರೆ ಕ್ಲೌಡಿಗೆ ಹೋಗಲು 100, ಬರಲು 100, ಆಮೇಲೆ ಹೊರಗೆ ಹೋಗಲು ಮತ್ತೆ 100. ಕ್ಲೌಡ್ ಬಿಲ್ಲಿನಲ್ಲಿ ಹೊರಬರುವ ಡೇಟಾಗೆ ಬೇರೆ ದರ ಇರುತ್ತದೆ ಎಂಬುದನ್ನು ನೆನಪಿಡಿ.

ಓದದೆ ಹುಡುಕುವುದು

ಐಡಿಎಸ್ ವಿಷಯ ಕಷ್ಟದ್ದು. ಒಡಲು ಎನ್‌ಕ್ರಿಪ್ಟ್ ಆಗಿರಬೇಕು, ಆದರೂ ಅದರಲ್ಲಿ ಕೆಟ್ಟ ಗುರುತು ಇದೆಯೇ ಎಂದು ತಿಳಿಯಬೇಕು. 2015ರ ಬ್ಲೈಂಡ್‌ಬಾಕ್ಸ್ ಎಂಬ ಸಂಶೋಧನಾ ವ್ಯವಸ್ಥೆ ಇದಕ್ಕೆ ದಾರಿ ತೆರೆಯಿತು.

ಲಿನಕ್ಸ್ ಯಂತ್ರದ ಪಾಸ್‌ವರ್ಡ್ ಫೈಲನ್ನು ತೆಗೆಯಲು ಯತ್ನಿಸುವ ದಾಳಿಯಲ್ಲಿ ಆ ಫೈಲಿನ ದಾರಿ (/etc/passwd) ಕಾಣಿಸಿಕೊಳ್ಳುತ್ತದೆ. ಅದು 11 ಬೈಟ್. ಕಳಿಸುವ ಕಡೆ, ಒಡಲಿನ ಮೇಲೆ 8 ಬೈಟ್ ಅಗಲದ ಕಿಟಕಿಯನ್ನು ಒಂದೊಂದೇ ಬೈಟ್ ಸರಿಸುತ್ತಾ, ಪ್ರತಿ ನಿಲುಗಡೆಯಲ್ಲಿ ಸಿಕ್ಕ 8 ಬೈಟನ್ನು ಒಂದು ಟೋಕನ್ ಮಾಡುತ್ತಾರೆ. ರೂಲ್‌ನ 11 ಬೈಟನ್ನೂ ಎರಡು ಟೋಕನ್ ಮಾಡುತ್ತಾರೆ: 1ರಿಂದ 8 ಮತ್ತು 4ರಿಂದ 11. ಒಡಲಿನಲ್ಲಿ ಮೊದಲ ಟೋಕನ್ ಸಿಕ್ಕ ಜಾಗದಿಂದ ಸರಿಯಾಗಿ 3 ಬೈಟ್ ಆಚೆ ಎರಡನೆಯದೂ ಸಿಕ್ಕರೆ ಗುರುತು ಇದೆ ಎಂದರ್ಥ.

ಟೋಕನ್ನನ್ನು ಸುಮ್ಮನೆ ಒಂದೇ ಕೀಯಿಂದ ಎನ್‌ಕ್ರಿಪ್ಟ್ ಮಾಡಿದರೆ ಸಾಲದು. ಒಂದೇ ಟೋಕನ್ ಸಾವಿರ ಸಲ ಬಂದಾಗ ಸಾವಿರ ಸಲವೂ ಒಂದೇ ರೂಪ ಕಂಡರೆ, ಪದಗಳ ಆವರ್ತನ ನೋಡಿಯೇ ಪಠ್ಯ ಊಹಿಸಬಹುದು. ಹಾಗಾಗಿ ಎರಡು ಹಂತ. ಮೊದಲು ಟೋಕನ್ನನ್ನು ಗುಟ್ಟು ಕೀಯಿಂದ ಎಇಎಸ್ (ಒಂದು ಎನ್‌ಕ್ರಿಪ್ಶನ್ ವಿಧಾನ) ಮಾಡಿ, ಬಂದ ಫಲಿತಾಂಶವನ್ನೇ ಇನ್ನೊಂದು ಕೀ ಎಂದು ಹಿಡಿದು, ಅದರಿಂದ ಒಂದು ಎಣಿಕೆಯಂಕಿಯನ್ನು ಎಇಎಸ್ ಮಾಡಿ, 40 ಬಿಟ್ ಮಾತ್ರ ಉಳಿಸಿಕೊಳ್ಳುವುದು. ಅದೇ ಟೋಕನ್ ಮತ್ತೆ ಬಂದರೆ ಎಣಿಕೆ ಏರುತ್ತದೆ, ರೂಪ ಪೂರ್ತಿ ಬದಲಾಗುತ್ತದೆ. ಕ್ಲೌಡಿನ ಐಡಿಎಸ್ ಬಳಿ ಪ್ರತಿ ರೂಲ್‌ಗೂ ಮೊದಲ ಹಂತದ ಫಲಿತಾಂಶ ಇರುತ್ತದೆ. ಮುಂದಿನ ಎಣಿಕೆಗೆ ಯಾವ ರೂಪ ಬರಬೇಕು ಎಂದು ಮೊದಲೇ ಲೆಕ್ಕ ಹಾಕಿ ಹುಡುಕುಮರದಲ್ಲಿ ಜೋಡಿಸಿಟ್ಟು, ಬಂದ ಟೋಕನ್ನನ್ನು ಹೋಲಿಸುತ್ತದೆ. ಸಿಕ್ಕರೆ ಆ ಕೊಂಬೆಯನ್ನು ಹೊಸ ಎಣಿಕೆಗೆ ಬದಲಿಸುತ್ತದೆ. ಎರಡು ಬೇರೆ ಟೋಕನ್‌ಗಳು ತಪ್ಪಾಗಿ ಹೊಂದುವ ಸಾಧ್ಯತೆ ಸುಮಾರು 1.1 ಲಕ್ಷ ಕೋಟಿಯಲ್ಲಿ ಒಂದು.

ಬೆಲೆ ಎಷ್ಟು? 1,400 ಬೈಟ್ ಒಡಲಿಗೆ 1,393 ಟೋಕನ್, ತಲಾ 5 ಬೈಟ್. ಅಂದರೆ 6,965 ಬೈಟ್ ಹೆಚ್ಚುವರಿ ಹೊರೆ, ಮೂಲದ ಐದು ಪಟ್ಟು. ಪ್ರತಿ ಬೈಟಿಗೂ ಟೋಕನ್ ಮಾಡದೆ, ಪದ ಮುಗಿಯುವ ಚಿಹ್ನೆಗಳ ಬಳಿ ಮಾತ್ರ ಮಾಡಿದರೆ ಹೊರೆ ಸಾಕಷ್ಟು ಇಳಿಯುತ್ತದೆ, ಬದಲಿಗೆ ಪದದ ನಡುವೆ ಅಡಗಿದ ಗುರುತುಗಳು ತಪ್ಪಿಸಿಕೊಳ್ಳುತ್ತವೆ. ಚಿತ್ರ, ವಿಡಿಯೋಗೆ ಟೋಕನ್ ಮಾಡದೆ ಬಿಡುವುದು ವಾಡಿಕೆ.

ದೊಡ್ಡ ಗಂಟು ಬೇರೆ ಕಡೆ ಇದೆ. ರೂಲ್‌ನ ಮೊದಲ ಹಂತದ ಫಲಿತಾಂಶ ಐಡಿಎಸ್‌ಗೆ ಸಿಗಬೇಕು, ಆದರೆ ಅದಕ್ಕೆ ಕೀ ಗೊತ್ತಾಗಬಾರದು. ಬಳಕೆದಾರನಿಗೆ ರೂಲ್ ಗೊತ್ತಾಗಬಾರದು. ಬ್ಲೈಂಡ್‌ಬಾಕ್ಸ್ ಇದನ್ನು, ಇಬ್ಬರೂ ತಮ್ಮ ಗುಟ್ಟು ಬಿಟ್ಟುಕೊಡದೆ ಸೇರಿ ಹಾಕುವ ಗಾರ್ಬಲ್ಡ್ ಸರ್ಕ್ಯೂಟ್ ಎಂಬ ಭಾರಿ ಲೆಕ್ಕದಿಂದ ಬಿಡಿಸುತ್ತದೆ. 3,000 ರೂಲ್ ಇದ್ದರೆ ಒಂದು ಹೊಸ ಸಂಪರ್ಕ ಶುರುವಾಗಲು ಸುಮಾರು 97 ಸೆಕೆಂಡ್. ವೆಬ್ ಪುಟ ತೆರೆಯುವಷ್ಟರಲ್ಲಿ ಕಾಫಿ ಕುಡಿದು ಬರಬಹುದು. ದಿನವಿಡೀ ತೆರೆದೇ ಇರುವ ಸಂಪರ್ಕಕ್ಕಾದರೆ ಸರಿ, ಬ್ರೌಸಿಂಗ್‌ಗೆ ಆಗದ ಮಾತು.

ಎಂಬಾರ್ಕ್ ಈ ಗಂಟನ್ನು ಬಿಡಿಸಲು ಹೋಗದೆ ಬದಿಗೆ ಸರಿಸಿತು. ರೂಲೂ ಕೀಯೂ ಎರಡೂ ಸಂಸ್ಥೆಯದ್ದೇ ಎಂದಾದರೆ, ಸಂಸ್ಥೆಯ ಗೇಟ್‌ವೇಯೇ ಎರಡನ್ನೂ ಇಟ್ಟುಕೊಂಡು ಲೆಕ್ಕ ಹಾಕಿ ಕ್ಲೌಡಿಗೆ ಕೊಡಬಹುದು, ಗಾರ್ಬಲ್ಡ್ ಸರ್ಕ್ಯೂಟ್ ಯಾಕೆ ಬೇಕು? ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಉಪಯುಕ್ತ ಯೋಚನೆ ಇದೇ. ಗಣಿತವನ್ನು ಇನ್ನಷ್ಟು ಬಲಪಡಿಸುವ ಬದಲು ನಂಬಿಕೆಯನ್ನು ಸರಿಯಾದ ಡಬ್ಬಿಯೊಳಗೆ ಇಡುವುದು.

ಆದರೂ ಎರಡು ಗೋಡೆ ಉಳಿಯುತ್ತವೆ. ಐಡಿಎಸ್ ರೂಲ್‌ಗಳಲ್ಲಿ ಬಹಳಷ್ಟಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಶನ್ (ನಿಖರ ಪದದ ಬದಲು ಅದರ ಮಾದರಿಯನ್ನು ಹುಡುಕುವ ಸೂತ್ರ) ಬೇಕು, ಟೋಕನ್ ಹೋಲಿಕೆಯಿಂದ ಅದು ಆಗದು. ಬ್ಲೈಂಡ್‌ಬಾಕ್ಸ್ ಇಲ್ಲಿ ಒಂದು ರಾಜಿ ಮಾಡುತ್ತದೆ: ಅನುಮಾನದ ಟೋಕನ್ ಹೊಂದಿದರೆ ಮಾತ್ರ ಆ ಸಂಪರ್ಕದ ಕೀ ತಾನಾಗಿ ಹೊರಬರುವಂತೆ ಹೆಣೆದಿರುತ್ತಾರೆ, ಆಗ ಐಡಿಎಸ್ ಅದೊಂದನ್ನೇ ಬಿಚ್ಚಿ ನೋಡುತ್ತದೆ. ಇನ್ನೊಂದು ಗೋಡೆ ಟಿಎಲ್‌ಎಸ್. ಲ್ಯಾಪ್‌ಟಾಪಿನಲ್ಲೇ ಎನ್‌ಕ್ರಿಪ್ಟ್ ಆಗಿ ಬಂದ ಒಡಲನ್ನು ಗೇಟ್‌ವೇ ಕೂಡ ಓದಲಾರದು, ಇನ್ನು ಟೋಕನ್ ಎಲ್ಲಿಂದ ಮಾಡೀತು? 2018ರಲ್ಲಿ ಬಂದ ಟಿಎಲ್‌ಎಸ್ 1.3ರಲ್ಲಿ ಸರ್ವರ್ ಸರ್ಟಿಫಿಕೇಟೂ ಮುಚ್ಚಿಕೊಂಡಿತು. ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕೂಡ ಎಚ್‌ಟಿಟಿಪಿಎಸ್ ಒಳಗೆ ಸೇರಿದರೆ ಉಳಿಯುವುದು ಎಸ್‌ಎನ್‌ಐ, ಅಂದರೆ ಸಂಪರ್ಕದ ಶುರುವಿನಲ್ಲಿ ಬ್ರೌಸರ್ ತೆರೆದೇ ಹೇಳುವ ಸೈಟ್ ಹೆಸರು, ಅದನ್ನೂ ಮುಚ್ಚುವ ಇಸಿಎಚ್ ಎಂಬ ವಿಧಾನ ಬ್ರೌಸರ್‌ಗಳಿಗೆ ಬಂದಾಗಿದೆ. ಹೀಗಾಗಿ ಟೋಕನ್ ಮಾಡುವವನು ಲ್ಯಾಪ್‌ಟಾಪಿನೊಳಗಿನ ಏಜೆಂಟ್ ಆಗಿರಬೇಕು, ಇಲ್ಲವೇ ಬಿಚ್ಚುವ ಕೆಲಸ ಕಚೇರಿಯಲ್ಲೇ ನಡೆಯಬೇಕು.

ಚಿಪ್ಪಿನೊಳಗಿನ ಕೋಣೆ

ಕ್ಲೌಡಿನಲ್ಲೇ ಬಿಚ್ಚೋಣ, ಆದರೆ ಕ್ಲೌಡಿನವರಿಗೆ ಕಾಣದ ಕೋಣೆಯಲ್ಲಿ ಎನ್ನುವುದು ಇನ್ನೊಂದು ದಾರಿ. ಈ ಕೋಣೆಯನ್ನು ಪ್ರೊಸೆಸರ್ ಚಿಪ್ ಕಟ್ಟಿಕೊಡುತ್ತದೆ: ಅದರ ಮೆಮೊರಿಯಲ್ಲಿ ಇರುವುದೆಲ್ಲ ಎನ್‌ಕ್ರಿಪ್ಟ್ ಆಗಿರುತ್ತದೆ, ಪ್ರೊಸೆಸರ್ ಒಳಗೆ ಮಾತ್ರ ಬಿಚ್ಚಿಕೊಳ್ಳುತ್ತದೆ, ಹೈಪರ್‌ವೈಸರ್‌ಗೂ ಓದಲಾಗದು. ಮೊದಲು ಬಂದ ಇಂಟೆಲ್ ಎಸ್‌ಜಿಎಕ್ಸ್‌ನಲ್ಲಿ ಈ ಕೋಣೆ 128 ಎಂಬಿ ಇತ್ತು, ಬಳಕೆಗೆ ಸಿಗುತ್ತಿದ್ದದ್ದು ಅದಕ್ಕಿಂತಲೂ ಕಡಿಮೆ. ಐಡಿಎಸ್‌ನ ರೂಲ್ ಕೋಷ್ಟಕವೇ ಅದನ್ನು ತುಂಬಿಬಿಡುತ್ತದೆ.

ಕೋಣೆಯ ಬಾಗಿಲು ದಾಟುವುದಕ್ಕೂ ಸುಂಕವಿದೆ. 10 ಗಿಗಾಬಿಟ್ ಲಿಂಕಿನಲ್ಲಿ 64 ಬೈಟಿನ ಸಣ್ಣ ಪ್ಯಾಕೆಟ್ಟುಗಳು ಸೆಕೆಂಡಿಗೆ 1.488 ಕೋಟಿ ಬರಬಹುದು. 3 ಗಿಗಾಹರ್ಟ್ಸ್ ಕೋರ್ ಒಂದಕ್ಕೆ ಪ್ರತಿ ಪ್ಯಾಕೆಟ್ಟಿಗೆ ಸಿಗುವುದು ಸುಮಾರು 200 ಸೈಕಲ್. ಎಸ್‌ಜಿಎಕ್ಸ್ ಒಳಗೆ ಒಮ್ಮೆ ಹೋಗಿಬರಲು ಸಾವಿರಾರು ಸೈಕಲ್ ಬೇಕು. ಪ್ಯಾಕೆಟ್ಟಿಗೊಮ್ಮೆ ಬಾಗಿಲು ತೆರೆದರೆ ಕೆಲಸ ನಿಂತಂತೆಯೇ. ಅದಕ್ಕೇ 2018ರ ಸೇಫ್‌ಬ್ರಿಕ್ಸ್‌ನಂಥವು ಒಳಗಿನವನು ಹೊರಗೆ ಬರುವುದೇ ಬೇಡ ಎಂದು, ಹಂಚಿಕೊಂಡ ಮೆಮೊರಿಯ ಉಂಗುರದಿಂದ ಪ್ಯಾಕೆಟ್ಟುಗಳನ್ನು ಗುಂಪುಗುಂಪಾಗಿ ಎತ್ತಿಕೊಳ್ಳುವಂತೆ ಮಾಡಿದವು. ಅದರ ಹೆಚ್ಚುವರಿ ಹೊರೆ ಶೇ 15ರೊಳಗೆ ನಿಂತಿತು. ಒಳಗೆ ನಂಬಬಹುದಾದ ಗಡಿಯಾರ ಇಲ್ಲ ಎಂಬುದು ಇನ್ನೊಂದು ಕೊರತೆ: ಸೆಕೆಂಡಿಗೆ ಇಷ್ಟೇ ಬಿಡು ಎಂಬ ರೂಲ್ ಇದ್ದರೆ ಸಮಯವನ್ನು ಹೊರಗಿನವನನ್ನೇ ಕೇಳಬೇಕಾಗುತ್ತದೆ.

ಈಗ ಬಾಡಿಗೆಗೆ ಸುಲಭವಾಗಿ ಸಿಗುವುದು ಇಡೀ ವಿಎಂ (ಸಾಫ್ಟ್‌ವೇರಿನಿಂದ ಕಟ್ಟಿದ ಬಾಡಿಗೆ ಕಂಪ್ಯೂಟರ್) ಅನ್ನೇ ಮುಚ್ಚುವ ಎಎಂಡಿ ಎಸ್‌ಇವಿ-ಎಸ್‌ಎನ್‌ಪಿ ಮತ್ತು ಇಂಟೆಲ್ ಟಿಡಿಎಕ್ಸ್. ಫೈರ್‌ವಾಲ್ ಸಾಫ್ಟ್‌ವೇರ್ ತಿದ್ದಿ ಬರೆಯಬೇಕಿಲ್ಲ, ಇದ್ದ ಹಾಗೆ ಹಾಕಬಹುದು. ಆದರೆ ಮಂದಿ ಎಡವುವುದು ಇಲ್ಲೇ. ನೆಟ್‌ವರ್ಕ್ ಕಾರ್ಡಿಗೆ ಮುಚ್ಚಿದ ಮೆಮೊರಿಯೊಳಗೆ ಸಾಮಾನ್ಯವಾಗಿ ಕೈಹಾಕಲಾಗದು, ಪ್ಯಾಕೆಟ್ಟುಗಳು ತೆರೆದ ಮೆಮೊರಿಯ ಒಂದು ಜಗಲಿಯ ಮೂಲಕ ಬಂದುಹೋಗುತ್ತವೆ. ಜಗಲಿಯಲ್ಲಿ ಕೂತಿರುವಾಗ ಪ್ಯಾಕೆಟ್ ಎನ್‌ಕ್ರಿಪ್ಟ್ ಆಗಿಯೇ ಇರಬೇಕು. ಅಂದರೆ ಕಚೇರಿಯಿಂದ ಕ್ಲೌಡಿಗೆ ಪ್ಯಾಕೆಟ್ಟುಗಳನ್ನು ಮುಚ್ಚಿ ಒಯ್ಯುವ ಐಪಿಸೆಕ್ ಅಥವಾ ವೈರ್‌ಗಾರ್ಡ್ ಸುರಂಗ ವಿಎಂ ಒಳಗೇ ಕೊನೆಯಾಗಬೇಕು. ಕ್ಲೌಡ್ ಕಂಪನಿಯ ರೆಡಿಮೇಡ್ ವಿಪಿಎನ್ ಗೇಟ್‌ವೇಗೆ ಸುರಂಗ ಕಟ್ಟಿ, ಅದರ ಹಿಂದೆ ದುಬಾರಿ ಕಾನ್ಫಿಡೆನ್ಶಿಯಲ್ ವಿಎಂ ಇಟ್ಟರೆ, ಪ್ಯಾಕೆಟ್ ಮೊದಲು ಬಿಚ್ಚಿಕೊಳ್ಳುವುದು ಅವರ ಡಬ್ಬಿಯಲ್ಲಿ. ಬಾಗಿಲಿಗೆ ಬೀಗ, ಕಿಟಕಿ ಹಾರುಹೊಡೆದು ಇಟ್ಟಂತೆ.

ಸುರಂಗದ ಕೀಯನ್ನು ವಿಎಂಗೆ ಕೊಡುವ ಕ್ರಮ ಹೀಗಿರಲಿ. ವಿಎಂ ಬೂಟ್ ಆಗಿ ಒಳಗೇ ಒಂದು ಕೀ ಜೋಡಿ ಹುಟ್ಟಿಸುತ್ತದೆ. ಕಚೇರಿಯಲ್ಲಿರುವ ಕೀ ಸರ್ವರ್ ಒಂದು ಹೊಸ ಯಾದೃಚ್ಛಿಕ ಸಂಖ್ಯೆ ಕಳಿಸುತ್ತದೆ. ವಿಎಂ ಆ ಸಂಖ್ಯೆ ಮತ್ತು ತನ್ನ ಸಾರ್ವಜನಿಕ ಕೀ ಎರಡರ ಹ್ಯಾಶ್ (ಬೆರಳಚ್ಚಿನಂಥ ಸಂಖ್ಯೆ) ಅನ್ನು, ಒಳಗೆ ಏನು ಓಡುತ್ತಿದೆ ಎಂದು ಪ್ರೊಸೆಸರ್ ಕೊಡುವ ವರದಿಯ 64 ಬೈಟಿನ ಖಾಲಿ ಜಾಗದಲ್ಲಿ ಇಟ್ಟು, ಪ್ರೊಸೆಸರಿನಿಂದ ಸಹಿ ಹಾಕಿಸಿಕೊಳ್ಳುತ್ತದೆ. ಕೀ ಸರ್ವರ್ ಸಹಿಯನ್ನು ಚಿಪ್ ತಯಾರಕರ ರೂಟ್ ಸರ್ಟಿಫಿಕೇಟಿನವರೆಗೆ ಪರೀಕ್ಷಿಸಿ, ಎಸ್‌ಎನ್‌ಪಿಯಲ್ಲಾದರೆ 48 ಬೈಟಿನ ಅಳತೆ (ಬೂಟ್ ಆದ ಸಾಫ್ಟ್‌ವೇರಿನ ಹ್ಯಾಶ್) ತಾನು ಮೊದಲೇ ಲೆಕ್ಕ ಹಾಕಿದ್ದಕ್ಕೆ ಹೊಂದುತ್ತದೆಯೇ, ಡೀಬಗ್ ಬಂದ್ ಆಗಿದೆಯೇ, ಫರ್ಮ್‌ವೇರ್ ಆವೃತ್ತಿ ಹಳೆಯದಲ್ಲವೇ ಎಂದು ನೋಡಿ, ಆಮೇಲೆ ಮಾತ್ರ ಸುರಂಗದ ಕೀಯನ್ನು ಆ ಸಾರ್ವಜನಿಕ ಕೀಯಿಂದ ಮುಚ್ಚಿ ಕಳಿಸುತ್ತದೆ.

ತಪ್ಪುಗಳು ಎಲ್ಲಾಗುತ್ತವೆ? ಅಳತೆಯಲ್ಲಿ ಫರ್ಮ್‌ವೇರ್ ಮಾತ್ರ ಸೇರಿ, ಕರ್ನಲ್ ಮತ್ತು ಡಿಸ್ಕ್ ಸೇರಿರುವುದಿಲ್ಲ. ಆಗ ಡಿಸ್ಕ್ ಬದಲಿಸಿದರೂ ಸಹಿ ಸರಿಯಾಗಿಯೇ ಕಾಣುತ್ತದೆ. ಯಾದೃಚ್ಛಿಕ ಸಂಖ್ಯೆ ಬಿಟ್ಟರೆ ಹಳೆಯ ವರದಿಯನ್ನೇ ಮತ್ತೆ ತೋರಿಸಿ ಮೋಸ ಮಾಡಬಹುದು. ಬೂಟ್ ಆಗುವಾಗ ಹೋಸ್ಟ್ ಕೊಡುವ ಕ್ಲೌಡ್-ಇನಿಟ್ ಸ್ಕ್ರಿಪ್ಟನ್ನು ವಿಎಂ ಕಣ್ಣುಮುಚ್ಚಿ ಓಡಿಸಿದರೆ ಮೇಲಿನ ಇಡೀ ಸಾಹಸ ವ್ಯರ್ಥ, ಅದನ್ನು ಇಮೇಜಿನಿಂದಲೇ ತೆಗೆಯಿರಿ. ಕ್ಲೌಡಿನವರು ಫರ್ಮ್‌ವೇರ್ ಅಪ್‌ಡೇಟ್ ಮಾಡಿದ ದಿನ ಅಳತೆ ಬದಲಾಗಿ ಸುರಂಗ ಏಳುವುದೇ ಇಲ್ಲ. ಆಗ ಪರೀಕ್ಷೆ ಆಫ್ ಮಾಡಿ ಹೇಗೋ ಏಳಿಸಿಬಿಡುವ ಒತ್ತಡ ಬರುತ್ತದೆ. ಅದರ ಬದಲು ಹಳೆಯ ಮತ್ತು ಹೊಸ ಎರಡೂ ಅಳತೆಗಳನ್ನು ಸ್ವಲ್ಪ ಕಾಲ ಒಪ್ಪುವ ವ್ಯವಸ್ಥೆ ಮೊದಲೇ ಇರಲಿ.

ಈ ಕೋಣೆಗಳೂ ಅಭೇದ್ಯವಲ್ಲ. 2018ರ ಫೋರ್‌ಶ್ಯಾಡೋ, 2019ರ ಪ್ಲಂಡರ್‌ವೋಲ್ಟ್ ಎಂಬ ದಾಳಿಗಳು ಎಸ್‌ಜಿಎಕ್ಸ್ ಗೋಡೆ ಕೊರೆದವು. ಮದರ್‌ಬೋರ್ಡಿಗೆ ಕೈಹಾಕುವ ಭೌತಿಕ ದಾಳಿಗಳನ್ನು ಚಿಪ್ ತಯಾರಕರು ತಮ್ಮ ಜವಾಬ್ದಾರಿಯ ವ್ಯಾಪ್ತಿಯಿಂದ ಹೊರಗೇ ಇಟ್ಟಿದ್ದಾರೆ. ಆದರೂ ದೂರದಿಂದ ಲಾಗಿನ್ ಆಗಿ ಇಣುಕುವ ಅಡ್ಮಿನ್ ಮತ್ತು ಸರ್ವರ್ ಬಿಚ್ಚಿ ತಂತಿ ಜೋಡಿಸುವ ಕಳ್ಳ ಇಬ್ಬರ ನಡುವೆ ಬಹಳ ಅಂತರವಿದೆ. ಸಾಮಾನ್ಯ ಸಂಸ್ಥೆಗೆ ಮೊದಲನೆಯವನನ್ನು ತಡೆದರೆ ದೊಡ್ಡದೇ.

ಮುಚ್ಚಿದರೂ ಕಾಣುವುದು

ಸುರಂಗದ ಒಳಗೆ ಏನಿದೆ ಎಂದು ಕಾಣದಿದ್ದರೂ ಎಷ್ಟು ಉದ್ದ, ಯಾವಾಗ, ಯಾವ ಕಡೆಗೆ ಎಂಬುದು ಕಾಣುತ್ತದೆ. ಸುರಂಗದಲ್ಲಿ ಬಳಸುವ ಎಇಎಸ್-ಜಿಸಿಎಂ ಎನ್‌ಕ್ರಿಪ್ಶನ್ ಉದ್ದವನ್ನು ಬಚ್ಚಿಡುವುದಿಲ್ಲ. ಪ್ಯಾಕೆಟ್ ಉದ್ದಗಳ ಸಾಲಿನಿಂದಲೇ ಯಾವ ಸೈಟ್ ತೆರೆದರು ಎಂದು ಊಹಿಸುವ ವಿಧಾನಗಳು ಹಳೆಯವು, ಚೆನ್ನಾಗಿ ಪಳಗಿದವು. ಕ್ಲೌಡಿನ ಫೈರ್‌ವಾಲ್‌ನಿಂದ ನೇರ ಇಂಟರ್ನೆಟ್ಟಿಗೆ ಪ್ಯಾಕೆಟ್ ಹೊರಟರಂತೂ ಗಮ್ಯ ವಿಳಾಸ ಬಯಲಾಗಿಯೇ ಇರುತ್ತದೆ, ಕಾನ್ಫಿಡೆನ್ಶಿಯಲ್ ವಿಎಂ ಇದನ್ನು ಮುಚ್ಚಲಾರದು.

ಮದ್ದು ಇದೆ, ಕಹಿ. 2023ರ ಜನವರಿಯಲ್ಲಿ ಬಂದ ಇಂಟರ್ನೆಟ್ ಮಾನದಂಡ ಆರ್‌ಎಫ್‌ಸಿ 9347 ಪ್ರಕಾರ ಐಪಿಸೆಕ್ ಸುರಂಗದಲ್ಲಿ ಡೇಟಾ ಇರಲಿ ಇಲ್ಲದಿರಲಿ ಒಂದೇ ಅಳತೆಯ ಪ್ಯಾಕೆಟ್ಟುಗಳನ್ನು ಒಂದೇ ವೇಗದಲ್ಲಿ ಕಳಿಸುತ್ತಲೇ ಇರಬಹುದು. 50 ಎಂಬಿಪಿಎಸ್ ಎಂದು ಗೊತ್ತುಮಾಡಿದರೆ ಒಂದು ದಿಕ್ಕಿಗೆ ದಿನಕ್ಕೆ 540 ಜಿಬಿ, ತಿಂಗಳಿಗೆ 16 ಟಿಬಿ ದಾಟುತ್ತದೆ. ಬಿಲ್ ನೋಡಿದ ಮೇಲೆ ಹೆಚ್ಚಿನವರು ಇದನ್ನು ಎರಡು ಮುಖ್ಯ ಕಚೇರಿಗಳ ನಡುವಿನ ಒಂದು ಸುರಂಗಕ್ಕೆ ಸೀಮಿತಗೊಳಿಸುತ್ತಾರೆ, ಅದು ಸರಿಯಾದ ತೀರ್ಮಾನ.

ಸೋರುವುದು ಲಾಗಿನಿಂದ

ಪ್ಯಾಕೆಟ್ಟಿಗೆ ಇಷ್ಟೆಲ್ಲ ಕಾವಲು ಹಾಕಿ, ಅದರ ಕತೆಯನ್ನು ಸಾದಾ ಪಠ್ಯದಲ್ಲಿ ಲಾಗ್ ಸರ್ವರಿಗೆ ಬರೆದಿಡುವುದು ಸಾಮಾನ್ಯ ದೃಶ್ಯ. ಯಾವ ಉದ್ಯೋಗಿ, ಯಾವ ಸೈಟು, ಎಷ್ಟು ಹೊತ್ತಿಗೆ: ಫ್ಲೋ ಲಾಗಿನಲ್ಲಿ ಎಲ್ಲ ಇದೆ. ಭಾರತದಲ್ಲಿ ಲಾಗ್ ಇಡದೇ ಇರುವಂತಿಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ 180 ದಿನಗಳ ಲಾಗ್ ಇಟ್ಟಿರಬೇಕು, ಘಟನೆ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು ಎನ್ನುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ, ಕೆಲಸವನ್ನು ಬೇರೆಯವರಿಗೆ ವಹಿಸಿದರೂ ಹೊಣೆ ವಹಿಸಿದ ಸಂಸ್ಥೆಯದ್ದೇ; ಭದ್ರತಾ ಕ್ರಮ ಕೈಗೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಇಡಬೇಕು, ಆದರೆ ಸೋರಬಾರದು.

ಕೆಲವರು ಐಪಿ ವಿಳಾಸವನ್ನು ಹ್ಯಾಶ್ ಮಾಡಿ ನಿಶ್ಚಿಂತರಾಗುತ್ತಾರೆ. ಒಟ್ಟು ಐಪಿವಿ4 ವಿಳಾಸಗಳೇ ಸುಮಾರು 429 ಕೋಟಿ. ಎಲ್ಲದರ ಹ್ಯಾಶ್ ಲೆಕ್ಕ ಹಾಕಿ ಹೋಲಿಸಲು ಸಾಧಾರಣ ಗ್ರಾಫಿಕ್ಸ್ ಕಾರ್ಡಿಗೆ ದೊಡ್ಡ ಹೊತ್ತೇನೂ ಬೇಡ. ಕೀ ಇರುವ ವಿಧಾನವೇ ಆಗಬೇಕು. ಕ್ರಿಪ್ಟೊ-ಪ್ಯಾನ್ ಎಂಬುದು ಒಂದೇ ಸಬ್‌ನೆಟ್ಟಿನ ವಿಳಾಸಗಳು ಬದಲಾದ ಮೇಲೂ ಒಂದೇ ಗುಂಪಿನಲ್ಲಿ ಉಳಿಯುವಂತೆ ಬದಲಿಸುತ್ತದೆ, ವಿಶ್ಲೇಷಣೆಗೆ ಅನುಕೂಲ. ಆ ಗುಂಪಿನ ಆಕಾರವೇ ಸುಳಿವಾಗಬಹುದು ಎಂಬ ಎಚ್ಚರ ಇರಲಿ. ಮೂಲ ಲಾಗನ್ನು ಕಚೇರಿಯ ಕೀಯಿಂದ ಮುಚ್ಚಿ ದೇಶದೊಳಗೆ 180 ದಿನ ಇಟ್ಟು, ಕ್ಲೌಡಿನ ಡ್ಯಾಶ್‌ಬೋರ್ಡಿಗೆ ಬದಲಿಸಿದ ಪ್ರತಿ ಮಾತ್ರ ಕೊಡುವುದು ನಡೆಯಬಲ್ಲ ಏರ್ಪಾಡು.

ಓಡಿಸಿ ನೋಡುವಾಗ

ಸುರಂಗ ಹಾಕಿದ ದಿನ ಮೊದಲು ಬರುವ ದೂರು ಗೋಪ್ಯತೆಯದ್ದಲ್ಲ, ಕೆಲವು ಸೈಟ್ ಅರ್ಧ ತೆರೆದು ನಿಲ್ಲುತ್ತವೆ ಎಂಬುದು. 1,500 ಬೈಟಿನಲ್ಲಿ ಹೊರಗಿನ ಐಪಿ ತಲೆ 20, ಯುಡಿಪಿ 8, ಐಪಿಸೆಕ್ ಹೊದಿಸುವ ಇಎಸ್‌ಪಿ ತಲೆ 8, ಎನ್‌ಕ್ರಿಪ್ಶನ್ನಿನ ಆರಂಭಿಕ ಸಂಖ್ಯೆ (ಐವಿ) 8, ಕೊನೆಯ ಮುದ್ರೆ 16, ಬಾಲ 2 ಕಳೆದರೆ ಒಳಗಿನ ಪ್ಯಾಕೆಟ್ಟಿಗೆ ಉಳಿಯುವುದು 1,438. ಒಳಗಿನ ಐಪಿ ಮತ್ತು ಟಿಸಿಪಿ ತಲೆಗಳ 40 ಬೈಟ್ ಕಳೆದು, ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟ್ಟಿನಲ್ಲಿ ಹೊರಬಹುದಾದ ಡೇಟಾದ ಮಿತಿ) ಅನ್ನು 1,398ಕ್ಕೆ ಬಿಗಿಮಾಡಿ. ತುಂಬಾ ದೊಡ್ಡದು ಎಂದು ತಿಳಿಸುವ ಐಸಿಎಂಪಿ ಸಂದೇಶವನ್ನು ಫೈರ್‌ವಾಲ್‌ನಲ್ಲಿ ತಡೆಯಬೇಡಿ. ಹಾಗೆ ತಡೆದವರು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಗೇಟ್‌ವೇ ಬಿದ್ದಾಗ ಎಲ್ಲವನ್ನೂ ಬಿಡಬೇಕೋ ಎಲ್ಲವನ್ನೂ ತಡೆಯಬೇಕೋ ಎಂಬುದನ್ನು ಬೀಳುವ ಮೊದಲೇ ಬರೆದಿಡಿ; ಡೀಫಾಲ್ಟ್ ಯಾವುದು ಎಂದು ಕೈಪಿಡಿ ಹುಡುಕುವ ಹೊತ್ತು ಅದಲ್ಲ.

ಕ್ಲೌಡಿನವರಿಗೆ ಏನು ಕಾಣುತ್ತದೆ ಎಂದು ತಿಳಿಯಲು ಅವರ ಜಾಗದಲ್ಲೇ ನಿಂತು ನೋಡಬಹುದು. ಟ್ರಾಫಿಕ್ ಮಿರರಿಂಗ್ ಸೌಲಭ್ಯ ಬಳಸಿ ನಿಮ್ಮದೇ ವಿಎಂನ ನೆಟ್‌ವರ್ಕ್ ಕಿಂಡಿಯ ಪ್ರತಿಯನ್ನು ಇನ್ನೊಂದು ವಿಎಂಗೆ ಕಳಿಸಿ ಹಿಡಿಯಿರಿ. ಕಚೇರಿ ಕಡೆಯಿಂದ ಬರುವುದರಲ್ಲಿ ಐಪಿಸೆಕ್ ಸುರಂಗ ಬಳಸುವ ಯುಡಿಪಿ 500 ಮತ್ತು 4500 ಪೋರ್ಟ್ ಬಿಟ್ಟು ಬೇರೆ ಏನೂ ಕಾಣಬಾರದು. ಕಂಡರೆ, ಹೆಚ್ಚಾಗಿ ಸುರಂಗಕ್ಕೆ ಮೊದಲೇ ಹೊರಬಿದ್ದ ಡಿಎನ್‌ಎಸ್ ಪ್ರಶ್ನೆಗಳೋ, ಸುರಂಗ ಮುರಿದಾಗ ಬೇರೆ ದಾರಿ ಹಿಡಿದ ಐಪಿವಿ6 ಪ್ಯಾಕೆಟ್ಟುಗಳೋ ಆಗಿರುತ್ತವೆ.

ಆಮೇಲೆ ಒಂದು ಸಣ್ಣ ಬಲೆ ಒಡ್ಡಿ. ಬೇರೆಲ್ಲೂ ಇರಲಾರದ 32 ಅಕ್ಷರದ ಸಾಲೊಂದನ್ನು ಹುಟ್ಟಿಸಿ, ಶಾಖೆಯ ಲ್ಯಾಪ್‌ಟಾಪಿನಿಂದ ಐಡಿಎಸ್ ಮೂಲಕ ಹಾಯುವಂತೆ ಕೆಲವು ಸಲ ಕಳಿಸಿ. ಒಂದು ವಾರ ಬಿಟ್ಟು ಆ ಸಾಲನ್ನು ಕ್ಲೌಡಿನಲ್ಲಿ ನಿಮ್ಮ ಕೈಗೆ ಸಿಗುವ ಎಲ್ಲ ಕಡೆ ಹುಡುಕಿ: ಫೈರ್‌ವಾಲ್ ಲಾಗ್, ಎಚ್ಚರಿಕೆಗೆ ಅಂಟಿಸಿದ ಪ್ಯಾಕೆಟ್ ತುಣುಕು, ಡಿಸ್ಕಿನ ಸ್ನ್ಯಾಪ್‌ಶಾಟ್, ಸ್ವಾಪ್ ಫೈಲ್, ಸೀರಿಯಲ್ ಕನ್ಸೋಲಿನ ದಾಖಲೆ. ಪ್ರಕ್ರಿಯೆ ಕ್ರ್ಯಾಶ್ ಆದಾಗ ತಾನೇ ಬರೆದುಕೊಂಡ, ಸಪೋರ್ಟಿನವರಿಗೆ ತಾನಾಗಿಯೇ ಅಪ್‌ಲೋಡ್ ಆಗುವ ಕೋರ್ ಡಂಪ್ ಫೈಲನ್ನು ಮರೆಯಬೇಡಿ.